ಸಾಯಂಕಾಲದ ಮುಖ

ನನ್ನ ಹೆಸರು ಶಾಂತಕುಮಾರಿ. ಹೆಸರಿಟ್ಟ ನಮ್ಮಪ್ಪ ಬದುಕಿದ್ದಿದ್ರೆ ಯಾವ ಧೈರ್ಯದ ಮ್ಯಾಲೆ ಇಟ್ಟೆಪ್ಪಾ ಅಂತ ಕೇಳ್ತಿದ್ದೆ. ಸಿಟ್ಟು ನನಗೆ ಮೂಗಿನ ತುದೀಲೇ ಐತೆ. ವಿನೋಬನಗರದ ನಮ್ಮ ಓಣ್ಯಾಗೆ ನಳದ ಹತ್ರ ಜಗಳ ಬಿದ್ರೆ ಮೊದಲು ನನ್ನ ಕರೀತಾರೆ. ನಾನು ಬಾಯಿ ಬಿಟ್ರೆ ಎರಡೂ ಕಡೆಯೋರು ಕೊಡ ಎತ್ಕೊಂಡು ಮನೆಗೆ ಹೋಗ್ತಾರೆ. ಇಂಥಾ ಬಾಯಿ ಇಟ್ಕೊಂಡು ನಾನು ಯಾರ ಮುಂದೂ ತಲೆ ತಗ್ಗಿಸಿದಾಕಿ ಅಲ್ಲ. ಒಬ್ಬರ ಮುಂದೆ ಮಾತ್ರ ಈಗ ತಲೆ ಎತ್ತಾಕೆ ಆಗವಲ್ದು, ಅವರು ನನ್ನ ಗಂಡ.

ಗಂಡನ ಹೆಸರು ಹೇಳಬಾರದು ಅಂತಾರೆ. ಹೇಳದಿದ್ರೆ ನಿಮಗೆ ತಿಳಿಯಲ್ಲ, ಅದಕ್ಕೆ ಹೇಳ್ತೀನಿ, ಕೊಟ್ಟೂರಪ್ಪ. ದಾವಣಗೆರೆ ಮಾರ್ಕೆಟ್ ಯಾರ್ಡಿನಾಗೆ ಒಂದು ದಲಾಲಿ ಅಂಗಡಿಗೆ ಸವಾಲು ಕೂಗೋರು. ರೈತರು ತಂದ ಮೆಕ್ಕೆಜೋಳ, ಶೇಂಗಾ ರಾಶಿ ಮುಂದೆ ನಿಂತು, ಕೊಳ್ಳೋರ ಕಡೆಯಿಂದ ಐದು ಐದು ರೂಪಾಯಿ ಏರಿಸ್ತಾ ಏರಿಸ್ತಾ ಹರಾಜು ಹಾಕೋ ಕೆಲಸ. 'ಒಂದ್ನೇ ಸಾರಿ, ಎರಡ್ನೇ ಸಾರಿ' ಅಂತ ಅವರು ಕೂಗಿದ್ರೆ ಗೇಟಿನ ಆಚೆ ಚಾ ಅಂಗಡಿಯೋನಿಗೂ ಕೇಳಿಸ್ತಿತ್ತು. ಮನ್ಯಾಗೆ ಮಾತ್ರ ಮಾತು ಕಮ್ಮಿ. ನಾನು ಎರಡು ಪಾಲು ಆಡ್ತಿದ್ನಲ್ಲ, ಅವರಿಗೆ ಜಾಗ ಎಲ್ಲಿತ್ತು.

ತೊಂಬತ್ತಾರನೇ ಇಸವಿ ದೀಪಾವಳಿ ಕಳೆದ ಮ್ಯಾಲೆ ಆ ದನಿ ಕೆಡಾಕೆ ಶುರುವಾಯ್ತು. ಬೆಳಗ್ಗೆ ಗಂಟೆ ಹೊಡೆದಂಗೆ ಇರೋದು. ಮಧ್ಯಾಹ್ನ ಎರಡು ದಾಟಿದ್ರೆ ಮೂಗಿಗೆ ಏರೋದು, ಬಾಯಾಗೆ ಮುದ್ದೆ ಇಟ್ಕೊಂಡು ಮಾತಾಡಿದಂಗೆ. ಸಂಜೆ ಹೊತ್ತಿಗೆ ಕಣ್ಣಿನ ರೆಪ್ಪೆ ಜೋತು ಬೀಳೋವು. 'ಒಂದು ತಕ್ಕಡಿ ಎರಡು ಕಾಣ್ತಾವೆ ಕಣೇ' ಅಂತ ಒಂದಿನ ಅಂದ್ರು. ನಡೆಯೋವಾಗ ಗೋಡೆ ಹಿಡಿಯೋರು. ಊಟಕ್ಕೆ ಕೂತ್ರೆ ರೊಟ್ಟಿ ಅರ್ಧ ಅಗಿಯೋದ್ರಾಗೆ ದವಡೆ ಸೋತು, ಗದ್ದಕ್ಕೆ ಕೈ ಕೊಟ್ಟು ಎತ್ತಿ ಎತ್ತಿ ಉಳಿದದ್ದು ಅಗಿಯೋರು. ರಾತ್ರಿ ಮಲಗಿ ಎದ್ರೆ ಏನೂ ಇಲ್ಲ, ಮತ್ತೆ ಮೊದಲಿನ ಮನುಷ್ಯ.

ಇಂಥಾದ್ದನ್ನ ನೋಡಿ ಊರು ಏನು ಅಂತೈತೆ? ನೀವೇ ಹೇಳ್ರಿ. ಗಡಿಗೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಾಕಾಗಲ್ಲ.

ನನ್ನ ಮುಂದೆ ಮೊದಲು ಬಾಯಿ ಬಿಟ್ಟಾಕಿ ಎದುರು ಮನೆ ಮೀನಾಕ್ಷಿ. "ಶಾಂತಕ್ಕ, ತಪ್ಪು ತಿಳ್ಕಾಬ್ಯಾಡ. ಅಣ್ಣಾರು ಸಂಜೆ ಓಲಾಡ್ತಾ ಬರ್ತಾರಲ್ಲ, ನಮ್ಮನೆಯೋರೂ ಶುರು ಮಾಡಿದಾಗ ಹಿಂಗೇ ಇದ್ರು" ಅಂದ್ಲು. ಅವಳಿಗೆ ಹಿಂದಿನ ಮೂರು ತಲೆಮಾರು ಸೇರಿಸಿ ಬೈದೆ. ಬೈದು ಬಂದು ಬಾಗಿಲು ಹಾಕ್ಕೊಂಡು ಕೂತೆ. ಬೆಂಕಿ ಇಲ್ದೆ ಹೊಗೆ ಏಳಲ್ಲ ಅನ್ನೋದು ತಲ್ಯಾಗೆ ಕೂತು ಬಿಡ್ತು.

ಅವತ್ತು ಅವರು ಮಲಗಿದ ಮ್ಯಾಲೆ ಬಗ್ಗಿ ಬಾಯಿ ಮೂಸಿ ನೋಡಿದೆ. ಎಲೆ ಅಡಿಕೆ ವಾಸನೆ ಬಿಟ್ರೆ ಏನೂ ಇಲ್ಲ. ಹೋಗ್ಲಿ ಅಂತ ಸುಮ್ನಾಗಬಾರದಾ? ವಾರ ಬಿಟ್ಟು ಮೀನಾಕ್ಷಿ ಜೊತೆ ರಾಜಿ ಆದಾಗ ಅವಳೇ ಹೇಳಿದ್ಲು, ವಾಸನೆನೇ ಬರಲಾರದ್ದು ಒಂದು ಐತಂತೆ, ನೀರಿನಂಗೇ ಇರ್ತೈತಂತೆ ಅಂತ. ನನ್ನ ಮೂಗು ಕಂಡಿದ್ದನ್ನ ಬಿಟ್ಟು ಅವಳ ಬಾಯಿ ಹೇಳಿದ್ದನ್ನ ನಂಬಿದೆ.

ನಮ್ಮದು ಕೊರಳಾಗೆ ಲಿಂಗ ಕಟ್ಕೊಂಡೋರ ಮನೆತನ. ಹೆಂಡ ಅನ್ನೋ ಮಾತು ಅಡಿಗೆ ಮನ್ಯಾಗೆ ಆಡಲ್ಲ. ಒಂದಿನ ನಾನು ಕೂಗಾಡಿದ್ದು ಕೇಳಲಾರದೆ ಅವರು ಕೊರಳಿನ ಲಿಂಗ ಕೈಯಾಗೆ ಹಿಡಿದು, "ಇದರ ಮ್ಯಾಲೆ ಆಣೆ, ಹನಿ ಮುಟ್ಟಿಲ್ಲ" ಅಂದ್ರು. ತೊದಲ್ತಾ ಅಂದ್ರು, ಸಂಜೆ ಆಗಿತ್ತಲ್ಲ. ನಾನು ಏನಂದೆ ಗೊತ್ತಾ? "ಆ ಬಾಯಾಗೆ ಲಿಂಗದ ಆಣೆ ಇಡಬ್ಯಾಡ್ರಿ" ಅಂದೆ. ಅವರು ಲಿಂಗ ಅಂಗಿಯೊಳಗೆ ಹಾಕ್ಕೊಂಡು ಎದ್ದು ಹೋದ್ರು. ಮತ್ತೆ ಯಾವತ್ತೂ ಆಣೆ ಮಾಡಲಿಲ್ಲ.

ಹಂಗಂತ ಡಾಕ್ಟರಿಗೆ ತೋರಿಸಲಿಲ್ಲ ಅಂತ ಅನ್ಕಾಬ್ಯಾಡ್ರಿ. ದಾವಣಗೆರ್ಯಾಗೆ ನಾವು ಹತ್ತದ ಮೆಟ್ಲಿಲ್ಲ. ಒಬ್ರು ನಿಶ್ಶಕ್ತಿ ಅಂತ ಕೆಂಪು ಸೂಜಿ ಬರೆದ್ರು, ಒಂದು ತಿಂಗಳು ಸೊಂಟಕ್ಕೆ ಚುಚ್ಚಿಸ್ಕೊಂಡಿದ್ದೇ ಬಂತು. ಇನ್ನೊಬ್ರು ಕನ್ನಡಕ ಕೊಟ್ರು. ಗಂಟಲು ಡಾಕ್ಟ್ರು ಕೊಳವೆ ಇಳಿಸಿ ನೋಡಿ ಎಲ್ಲಾ ಛಂದ ಐತೆ ಅಂದ್ರು. ತಲೆಗೆ ಸ್ಕ್ಯಾನ್ ಆಯ್ತು, ರಕ್ತ ಎಷ್ಟು ಸಾರಿ ತೆಗೆದ್ರೋ ಲೆಕ್ಕ ಇಲ್ಲ, ಎಲ್ಲಾ ನಾರ್ಮಲ್ಲೇ. ನಾರ್ಮಲ್ ಅನ್ನೋ ಮಾತು ಕೇಳಿದ್ರೆ ಬ್ಯಾರೆಯೋರು ಖುಷಿ ಪಡ್ತಾರೆ, ನಮ್ಮನೆಯೋರ ಮುಖ ಸಣ್ಣಗಾಗೋದು. "ಟೆನ್ಷನ್ ಮಾಡ್ಕಾಬ್ಯಾಡ್ರಿ" ಅಂತ ಒಬ್ರು ನಿದ್ದೆ ಗುಳಿಗೆ ಬರೆದ್ರು. ಅದು ನುಂಗಿ ಮರುದಿನ ಮಂಚದಿಂದ ಏಳಾಕೆ ಆಗಲಿಲ್ಲ. ಎಲ್ಲಾರೂ ಕೊನೆಗೆ ಕೇಳೋದು ಒಂದೇ. ದನಿ ತಗ್ಗಿಸಿ, ನನ್ನ ಕಡೆ ನೋಡಿ, "ಕುಡಿಯೋ ಅಭ್ಯಾಸ ಐತಾ?"

ಇಲ್ಲಿ ನಾನು ಮಾಡಿದ್ದೊಂದು ಕೆಲಸ ಕೇಳ್ರಿ. ಡಾಕ್ಟರ ಹತ್ರ ಹೋಗೋದು ಅಂದ್ರೆ ನನಗೆ ಬೀಗರ ಮನೆಗೆ ಹೋದಂಗೆ. ಮಾರ್ಕೆಟ್ ರಜೆ ಇರೋ ದಿನವೇ ಆಗಬೇಕು. ಹಿಂದಿನ ದಿನ ಬೇಗ ಮಲಗಿಸ್ತಿದ್ದೆ. ಬೆಳಗ್ಗೆ ತಲೆಗೆ ನೀರು ಹಾಕಿ, ಪೂಜೆ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿಸಿ, ಇಸ್ತ್ರಿ ಅಂಗಿ ತೊಡಿಸಿ, ಎಂಟು ಗಂಟೆಗೆಲ್ಲಾ ಮೊದಲನೇ ಚೀಟಿ ನಮ್ಮದೇ ಇರಬೇಕು. "ಸಾಯಂಕಾಲ ಹೋಗಾಣ ಕಣೇ, ಆವಾಗೇ ಜಾಸ್ತಿ ಆಗೋದು" ಅಂತ ಅವರು ಎಷ್ಟು ಸಾರಿ ಅಂದ್ರೋ. "ಆ ಮುಖ ಹೊತ್ಕೊಂಡು ಡಾಕ್ಟರ ಹತ್ರ ಬರ್ತೀರಾ? ಮಾನ ಬ್ಯಾಡವಾ?" ಅಂತ ನಾನು ಬಾಯಿ ಮುಚ್ಚಿಸ್ತಿದ್ದೆ. ಓಣಿ ನೋಡಿದ ಮುಖನ ಡಾಕ್ಟ್ರು ಒಬ್ಬರಾದ್ರೂ ನೋಡಬಾರದು ಅಂತ ನನ್ನ ಹಟ.

ತೊಂಬತ್ತೆಂಟಕ್ಕೆ ಮಗಳು ಪೂಜಾಗೆ ಹರಿಹರದ ಕಡೆಯಿಂದ ಕೇಳಿದ್ರು. ಹುಡುಗ ಬಸವಕಿರಣ್, ಅಲ್ಲೇ ಫ್ಯಾಕ್ಟರಿಯಾಗೆ ಕೆಲಸ, ಒಳ್ಳೆ ಹುಡುಗ. ಪೂಜಾಗೂ ಮನಸಿತ್ತು. ಹುಡುಗನ ಅಪ್ಪ ಹಾಲೇಶಪ್ಪನೋರು ನೇರ ಮಾತಿನ ಮನುಷ್ಯ. ಮೊದಲನೇ ಸಾರಿ ಬಂದಾಗಲೇ, "ತಪ್ಪು ತಿಳಿಬ್ಯಾಡ್ರಿ ತಾಯಿ, ಯಜಮಾನ್ರದ್ದು ಒಂದು ಮಾತು ಕಿವಿಗೆ ಬಿದ್ದೈತೆ. ಶ್ರಾವಣದಾಗೆ ಸ್ವಾಮಿಗಳು ಜೋಳಿಗೆ ಹಿಡ್ಕೊಂಡು ಬರ್ತಾರಲ್ಲ, ಅದಕ್ಕೆ ಹಾಕಿಸಿಬಿಡ್ರಿ. ಆಮ್ಯಾಲೆ ನಮ್ಮದೇನೂ ತಕರಾರಿಲ್ಲ" ಅಂದ್ರು.

ಜೋಳಿಗೆ ಅಂದ್ರೆ, ಆ ಸ್ವಾಮಿಗಳು ಓಣಿ ಓಣಿ ತಿರುಗಿ ಜನರ ಚಟ ಭಿಕ್ಷೆ ಬೇಡ್ತಿದ್ರು. ಅಕ್ಕಿ ಬ್ಯಾಡ, ರೊಕ್ಕ ಬ್ಯಾಡ, ನಿಮ್ಮ ದುಶ್ಚಟ ಹಾಕ್ರಿ ಅನ್ನೋರು. ಬೀಡಿ ಸೇದೋರು ಕಟ್ಟು ಹಾಕೋರು, ಗುಟ್ಕಾದೋರು ಚೀಟಿ ಹಾಕೋರು. ಹಾಕಿದ್ದನ್ನ ಮತ್ತೆ ಮುಟ್ಟಿದ್ರೆ ಗುರುವಿಗೆ ಕೊಟ್ಟ ಮಾತು ಮುರಿದಂಗೆ. ಆ ವರ್ಷ ನಮ್ಮೂರ ಪಕ್ಕದ ಆನೆಕೊಂಡಕ್ಕೆ ಬರ್ತಾರೆ ಅಂತ ಗೊತ್ತಾಯ್ತು.

"ಏನು ಹಾಕಲೇ? ನನ್ನ ಹತ್ರ ಏನೂ ಇಲ್ವಲ್ಲ" ಅಂದ್ರು ನಮ್ಮನೆಯೋರು. ಅದನ್ನ ಅವರು ಸಿಟ್ಟಿನಿಂದ ಅನ್ನಲಿಲ್ಲ, ಖರೇನೇ ಕೇಳಿದ್ರು. ನಾನು ಸೆರಗು ತಲೆ ತುಂಬ ಹೊದ್ಕೊಂಡು, ನಮ್ಮನ್ನ ಯಾರೂ ಗುರುತು ಹಿಡಿಯಲಾರದ ಓಣಿಯ ಗುಜರಿ ಅಂಗಡಿಗೆ ಹೋಗಿ ಒಂದು ಖಾಲಿ ಕ್ವಾರ್ಟರ್ ಬಾಟಲಿ ತಂದೆ. ಬೂದಿ ಹಾಕಿ ತಿಕ್ಕಿ ತೊಳೆದೆ. ಸ್ವಾಮಿಗಳ ಕೈಗೆ ಕೊಡೋದಲ್ವಾ, ಮೈಲಿಗೆ ಇರಬಾರದು ನೋಡ್ರಿ! ನನ್ನ ಆಚಾರಕ್ಕೆ ಏನನ್ನಬೇಕು.

ಆನೆಕೊಂಡದಾಗೆ ಜನ ಸೇರಿತ್ತು. ಸ್ವಾಮಿಗಳು ಬರೋ ಹೊತ್ತಿಗೆ ಸಂಜೆ ಆರು. ನಮ್ಮನೆಯೋರ ರೆಪ್ಪೆ ಇಳಿದಿದ್ವು, ತಲೆ ವಾಲ್ತಿತ್ತು. ಸಾಲಿನಾಗೆ ಹಿಂದೆ ನಿಂತೋರು, "ಕೊನೇ ಸಾರಿ ಅಂತ ಜೋರಾಗೇ ಹಾಕ್ಕೊಂಡು ಬಂದಾರೆ" ಅಂತ ನಕ್ಕರು. ಬಾಟಲಿ ಜೋಳಿಗೆಗೆ ಬಿತ್ತು. "ಏನು ಬಿಟ್ಟೆಪ್ಪಾ, ಬಾಯಿ ಬಿಟ್ಟು ಹೇಳು" ಅಂದ್ರು ಸ್ವಾಮಿಗಳು. ನಮ್ಮನೆಯೋರು ಬಾಯಿ ತೆರೆದ್ರು, ಮಾತು ಬರಲಿಲ್ಲ. ನಾಲಿಗೆ ಏಳಲಿಲ್ವೋ, ಮನಸು ಏಳಲಿಲ್ವೋ. ನಾನೇ ಹಿಂದಿನಿಂದ, "ಕುಡಿತ, ಬುದ್ಧೀ" ಅಂದೆ. ಜನ ಚಪ್ಪಾಳೆ ಹೊಡೆದ್ರು.

ಕಾರ್ತಿಕದಾಗೆ ಒಂದು ಭಾನುವಾರ ಹುಡುಗನ ಮನೆ ನೋಡಾಕೆ ಹರಿಹರಕ್ಕೆ ಹೊರಟ್ವಿ. ನಾನು, ಅವರು ಇಬ್ಬರೇ. ಬೆಳಗ್ಗೆ ಹೋಗಿ ಮಧ್ಯಾಹ್ನ ಹನ್ನೆರಡಕ್ಕೆಲ್ಲಾ ಉಂಡು ಎದ್ದು ಬರಾಣ, ಆ ಮುಖ ಬರೋದ್ರೊಳಗೆ ಊರು ಸೇರಾಣ ಅಂತ ನನ್ನ ಲೆಕ್ಕ. ಬಸ್ಸು ದಾರ್ಯಾಗೆ ಬಾತಿ ಹತ್ರ ಕೆಟ್ಟು ನಿಂತು ಬಿಡ್ತು. ಎರಡು ತಾಸು ಕಾದು ಮುಂದಿನ ಬಸ್ಸಿನಾಗೆ ನಿಂತ್ಕೊಂಡೇ ಹೋದ್ವಿ. ಬೀಗರ ಮನ್ಯಾಗೆ ಮಾತು, ಉಪಚಾರ ಮುಗಿದು ಎಲೆ ಹಾಕೋ ಹೊತ್ತಿಗೆ ಮೂರೂವರೆ.

ಹೋಳಿಗೆ ಬಡಿಸಿದ್ರು. ನಮ್ಮನೆಯೋರು ಗದ್ದಕ್ಕೆ ಕೈ ಕೊಟ್ಟು ಅಗಿಯಾಕೆ ಶುರು ಮಾಡಿದ್ರು. ನಾನು ಕಣ್ಣಲ್ಲೇ ಗದರಿದೆ, ಕೈ ತೆಗೆದ್ರು. ಅನ್ನ ಸಾರು ಬಂತು. ಒಂದು ತುತ್ತು ಬಾಯಿಗಿಟ್ಟು ನುಂಗಿದ್ರು ನೋಡ್ರಿ, ಸಾರು ಮೂಗಿನಾಗೆ ಬಂದು ಎಲೆ ಮ್ಯಾಲೆ ಬಿತ್ತು. ಕೆಮ್ಮು ಹತ್ತಿ, ಕಣ್ಣು ಮೇಲಾಗಿ, ಪಕ್ಕದಾಗೆ ಕೂತಿದ್ದ ಹಾಲೇಶಪ್ಪನೋರ ಮ್ಯಾಲೇ ವಾಲಿದ್ರು. ಬಡಿಸ್ತಿದ್ದ ಹೆಣ್ಮಕ್ಕಳು ಸೌಟು ಹಿಡ್ಕೊಂಡು ನಿಂತು ಬಿಟ್ರು. "ಗುರುಗಳ ಜೋಳಿಗೆಗೆ ಹಾಕಿದ ಮ್ಯಾಲೂ ಹಿಂಗಾ?" ಅಂದ್ರು ಹಾಲೇಶಪ್ಪನೋರು. ನೆಲ ಬಾಯಿ ಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು.

ಗಂಡನ ರಟ್ಟೆ ಹಿಡಿದು ದರದರ ಎಳ್ಕೊಂಡು ರಸ್ತೆಗೆ ಬಂದೆ. ರಸ್ತ್ಯಾಗೆ ನಿಂತು ಬೈದೆ. ಮಗಳ ಬಾಳು ತಿಂದ್ರಿ ಅಂದೆ, ಸತ್ತಾದ್ರೂ ಹೋಗ್ರಿ ಅಂದೆ. ಹೌದು, ಅಂದೆ. ಅವರು ಏನೋ ಹೇಳಾಕೆ ನೋಡಿದ್ರು, ಕುತ್ತಿಗೆ ನಿಲ್ಲದೆ ಗದ್ದ ಎದೆಗೆ ಬಿತ್ತು. ಉಸಿರು ಗೊರಗೊರ ಅನ್ನಾಕೆ ಹತ್ತಿದಾಗ ಮಾತ್ರ ಬೈಯೋದು ಬಿಟ್ಟು ರಸ್ತೆಗೆ ಕೈ ಅಡ್ಡ ಹಾಕಿ ನಿಂತೆ. ಆಟೋದೋನೊಬ್ಬ ನಿಲ್ಲಿಸಿ, "ಭಾನುವಾರ ಎಲ್ಲಾ ಬಂದ್ ಅಕ್ಕ, ಹೆರಿಗೆ ಆಸ್ಪತ್ರೆ ಒಂದು ತೆರೆದಿರ್ತೈತೆ" ಅಂತ ಅಲ್ಲಿಗೇ ಕರ್ಕೊಂಡು ಹೋದ. ಬಸುರಿಯರ ನಡುವೆ ನಮ್ಮನೆಯೋರನ್ನ ಬೆಂಚಿನ ಮ್ಯಾಲೆ ಮಲಗಿಸಿದ್ವಿ.

ಡಾಕ್ಟರಮ್ಮನ ಹೆಸರು ಮಾಸೂಮಾ. ಸಣ್ಣ ವಯಸ್ಸು, ಗಡಿಬಿಡಿ ಇಲ್ಲದ ಹೆಂಗಸು. ನಾನು ಮೊದಲೇ, "ಕುಡಿದಾರೆ ಡಾಕ್ಟ್ರೇ" ಅಂದುಬಿಟ್ಟೆ. ಅವರು ಬಗ್ಗಿ ಮೂಸಿದ್ರು. ನನ್ನ ಕಡೆ ಒಂದು ಸಾರಿ ನೋಡಿದ್ರು. ಗಂಟಲು ಸ್ವಚ್ಛ ಮಾಡಿಸಿ, ಒರಗಿಸಿ ಕೂಡ್ರಿಸಿದ ಮ್ಯಾಲೆ ಉಸಿರು ಹತೋಟಿಗೆ ಬಂತು.

"ಯಜಮಾನ್ರೇ, ಒಂದರಿಂದ ಐವತ್ತರ ತನಕ ಗಟ್ಟಿಯಾಗಿ ಎಣಿಸ್ರಿ" ಅಂದ್ರು.

ಹತ್ತರ ತನಕ ಹೆಂಗೋ ತಿಳೀತು. ಹದಿನೈದಕ್ಕೆ ದನಿ ಮೂಗಿಗೆ ಏರ್ತು. ಇಪ್ಪತ್ತೆರಡಕ್ಕೆ ಬರೇ ಗಾಳಿ. ಇಪ್ಪತ್ತು ವರ್ಷ ಅಂಕಿ ಕೂಗಿ ಅನ್ನ ತಿಂದ ಮನುಷ್ಯ ಇಪ್ಪತ್ತೆರಡಕ್ಕೆ ನಿಂತು ಬಿಟ್ರು.

ಆಮ್ಯಾಲೆ ಡಾಕ್ಟರಮ್ಮ ಸೋಡಾ ಅಂಗಡಿಯಿಂದ ಐಸ್ ತರಿಸಿದ್ರು. ಬಟ್ಟ್ಯಾಗೆ ಸುತ್ತಿ ಎಡಗಣ್ಣಿನ ರೆಪ್ಪೆ ಮ್ಯಾಲೆ ಎರಡು ನಿಮಿಷ ಹಿಡಿದ್ರು. ತೆಗೆದ್ರೆ, ಶಿವನೇ, ಆ ಕಣ್ಣು ಪೂರ್ತಿ ತೆರೆದಿತ್ತು! ಬಲಗಣ್ಣು ಹಂಗೇ ಮುಚ್ಚಿತ್ತು. ಆ ಒಂದೇ ಕಣ್ಣಿಂದ ಅವರು ನನ್ನ ನೋಡಿದ್ರು. ನಾನು ಬಾಗಿಲ ಕಡೆ ತಿರುಗಿದೆ.

"ಕುಡಿದೋರ ಕಣ್ಣು ಐಸಿಗೆ ತೆರೆಯಲ್ಲಮ್ಮ" ಅಂದ್ರು ಡಾಕ್ಟರಮ್ಮ. "ಇದು ಮಯಸ್ತೀನಿಯಾ ಅಂತ. ನರ ಹೇಳಿದ ಮಾತು ಮಾಂಸಖಂಡಕ್ಕೆ ಮುಟ್ಟಲ್ಲ. ದಣಿದಷ್ಟೂ ಸೋಲ್ತೈತೆ, ಮಲಗಿ ಎದ್ರೆ ಸರಿ ಹೋಗ್ತೈತೆ. ಮದ್ದೈತೆ. ಬೆಂಗಳೂರಿಗೆ ಚೀಟಿ ಬರೆದು ಕೊಡ್ತೀನಿ, ನಾಳೆನೇ ಹೋಗಿ ಅಲ್ಲಿ ಪಕ್ಕಾ ಮಾಡ್ಕೊಬೇಕು. ಎರಡು ವರ್ಷದಿಂದ ಯಾರೂ ಹಿಡೀಲಿಲ್ವಾ? ನೀವು ತೋರಿಸಾಕೆ ಹೋಗ್ತಿದ್ದದ್ದು ಯಾವ ಹೊತ್ತಿಗೆ?"

"ಬೆಳಗ್ಗೆ" ಅಂದೆ.

"ಸಾಯಂಕಾಲ ಒಂದು ಸಾರಿನೂ ಇಲ್ವಾ?"

ಓಣಿ ಜಗಳ ಬಿಡಿಸೋ ಬಾಯಿ, ಒಂದು ಅಕ್ಷರ ಹೊರಡಲಿಲ್ಲ. ನಮ್ಮನೆಯೋರೂ ನನ್ನ ಹೆಸರು ಹೇಳಲಿಲ್ಲ. ಹೇಳಿದ್ರೆ ಎಷ್ಟೋ ಹಗುರಾಗ್ತಿತ್ತು.

ಆಪರೇಶನ್ ಆದ ಮ್ಯಾಲೆ ಹೆಂಗಸರ ಸೋತ ಮೈ ಮತ್ತೆ ಆಡಾಕೆ ಕೊಡೋ ಸೂಜಿ ಒಂದು ಇಲ್ಲೇ ಐತೆ, ಇದಕ್ಕೂ ನಡೀತೈತೆ ಅಂತ ಡಾಕ್ಟರಮ್ಮ ಅದನ್ನ ಚುಚ್ಚಿ, ಪರದೆ ಎಳೆದು, "ಅರ್ಧ ಗಂಟೆ ನೋಡಾಣ" ಅಂದ್ರು. ನಾನು ಪರದೆ ಆಚೆ ನಿಂತೆ. ಒಳಗೆ ಹೋಗಿ ಕಾಲು ಹಿಡೀಬೇಕು ಅಂತ ಇತ್ತು. ಹೊರಗೆ ಹೋಗಿ ಓಣಿ ಓಣಿ ಕೂಗಿ ಹೇಳಬೇಕು ಅಂತಾನೂ ಇತ್ತು, ನನ್ನ ಗಂಡ ಕುಡಿಯಲ್ಲ ಕಣ್ರೋ ಅಂತ. ಆನೆಕೊಂಡದಾಗೆ ಚಪ್ಪಾಳೆ ಹೊಡೆದ ಒಬ್ಬೊಬ್ಬರ ಮನೆಗೂ ಹೋಗ್ತೀನಿ ಅನ್ಕೊಂಡೆ.

ಅಷ್ಟೊತ್ತಿಗೆ ಹಾಲೇಶಪ್ಪನೋರು ಹುಡುಕ್ಕೊಂಡು ಬಂದ್ರು. ಸಿಟ್ಟು ಇಳಿದಿತ್ತು. ನನ್ನ ಮೂಲೆಗೆ ಕರೆದು ಮೆಲ್ಲಗೆ ಕೇಳಿದ್ರು. "ತಾಯಿ, ಖರೆ ಹೇಳ್ರಿ. ಕುಡಿದಿದ್ರಾ, ಇಲ್ಲಾ ಏನಾದ್ರೂ ನರದ ಕಾಯಿಲೆನಾ? ಕುಡಿತ ಆದ್ರೆ ಹೋಗ್ಲಿ ಬಿಡ್ರಿ, ನನ್ನ ತಮ್ಮನೂ ಎರಡು ಸಾರಿ ಜಾರಿ ಮೂರನೇ ಸಾರಿ ಬಿಟ್ಟ. ಆದ್ರೆ ಕಾಯಿಲೆ ಅಂದ್ರೆ ನಾನು ಹೆದರ್ತೀನಿ. ನಮ್ಮಕ್ಕನ ಮನೆಗೆ ಹಂಗೇ ಮುಚ್ಚಿಟ್ಟು ಹೆಣ್ಣು ಕೊಟ್ರು, ಅಪ್ಪನ ರೋಗ ಮಗಳಿಗೂ ಬಂತು. ಅಂಥಾದ್ದು ಇದ್ರೆ ಈಗ್ಲೇ ಹೇಳಿಬಿಡ್ರಿ, ಜಗಳ ಇಲ್ದೆ ಇಲ್ಲಿಗೇ ಬಿಡಾಣ."

ಡಾಕ್ಟರಮ್ಮ ಬರೆದ ಚೀಟಿ ನನ್ನ ಕೈಯಾಗೆ ಇತ್ತು. ಇದು ಮಕ್ಕಳಿಗೆ ಬರೋದೋ ಇಲ್ವೋ ನಾನು ಕೇಳಿರಲಿಲ್ಲ. ಎರಡು ಹೆಜ್ಜೆ ಹೋಗಿ ಕೇಳಬಹುದಿತ್ತು. ಪೂಜಾ ಬೆಳಗ್ಗೆ ಬಾಗಿಲಾಗೆ ನಿಂತು ಕೈ ಬೀಸಿದ್ದು ಕಣ್ಣ ಮುಂದೆ ಬಂತು. ಚೀಟಿ ಸೆರಗಿನಾಗೆ ಮಡಚಿ ಇಟ್ಕೊಂಡೆ.

"ಕುಡಿದಿದ್ರು" ಅಂದೆ.

ಈ ಸಾರಿ ಗೊತ್ತಿದ್ದೂ ಅಂದೆ. ಎರಡು ವರ್ಷ ಅಂದದ್ದಕ್ಕೆ ತಿಳಿಗೇಡಿತನ ಅಂತ ಒಂದು ನೆಪ ಇತ್ತು. ಇದಕ್ಕೆ ಏನೂ ಇರಲಿಲ್ಲ.

ಪರದೆ ಸರೀತು. ನಮ್ಮನೆಯೋರು ಎದ್ದು ಕೂತಿದ್ರು. ಎರಡೂ ಕಣ್ಣು ತೆರೆದಿದ್ವು, ಕುತ್ತಿಗೆ ನೆಟ್ಟಗಿತ್ತು. ಎಲ್ಲಾ ಕೇಳಿಸ್ಕೊಂಡಾರೆ ಅಂತ ಮುಖ ನೋಡಿದ ಕೂಡ್ಲೇ ತಿಳೀತು. ಹಾಲೇಶಪ್ಪನೋರನ್ನ ನೇರ ನೋಡಿ, ಬೆಳಗ್ಗಿನ ಆ ದನಿಯಾಗೆ, ಒಂದು ಅಕ್ಷರ ತೊದಲದೆ ಹೇಳಿದ್ರು.

"ಹೌದು ಬೀಗರೇ, ಕುಡಿದಿದ್ದೆ. ತಪ್ಪಾಯ್ತು. ಇನ್ನು ಮುಟ್ಟಲ್ಲ."

"ಅಷ್ಟು ಸಾಕು ಬಿಡ್ರಿ. ತಪ್ಪು ಒಪ್ಪಿಕೊಂಡೋರು ದೊಡ್ಡೋರು" ಅಂತ ಹಾಲೇಶಪ್ಪನೋರು ಅವರ ಕೈ ಹಿಡಿದು ಅಮುಕಿ, ಮನೆಗೆ ಸುದ್ದಿ ಮುಟ್ಟಿಸಾಕೆ ಹೋದ್ರು. ಹೋಗೋವಾಗ ಮುಖದಾಗೆ ಸಮಾಧಾನ ಇತ್ತು.

ಡಾಕ್ಟರಮ್ಮ ಮೇಜಿನ ಹತ್ರ ಪೆನ್ನು ಹಿಡ್ಕೊಂಡು ಹಂಗೇ ನಿಂತಿದ್ರು. "ಯಜಮಾನ್ರೇ, ಈಗ ತಾನೇ ನಿಮ್ಮ ಕಾಯಿಲೆಗೆ ಹೆಸರು ಸಿಕ್ತು. ಯಾಕೆ ಹಂಗಂದ್ರಿ?"

ಅವರು ಅಂಗಿ ಗುಂಡಿ ಹಾಕ್ಕೊಳ್ತಾ ಇದ್ರು.

"ಎರಡು ವರ್ಷ ಇಲ್ಲ ಇಲ್ಲ ಅಂದೆ ಡಾಕ್ಟ್ರೇ, ಮನ್ಯಾಗೆ ಇರೋರೂ ನಂಬಲಿಲ್ಲ. ಇವತ್ತು ಒಂದು ಸಾರಿ ಹೌದು ಅಂದೆ, ನೋಡಿದ್ರಲ್ಲ, ಒಂದೇ ಮಾತಿಗೆ ನಂಬಿದ್ರು."

ನನ್ನ ಕಡೆ ನೋಡಿ ಹೇಳಲಿಲ್ಲ. ಚಪ್ಪಲಿ ಮೆಟ್ಕೊಂಡು, ಬಸ್ಸು ಎಷ್ಟೊತ್ತಿಗೈತೆ ಅಂತ ಡಾಕ್ಟರಮ್ಮನ್ನೇ ಕೇಳಿದ್ರು.